ಕಡ್ಡಿಯಕ್ಕನ ಕಿವಿ

ಬಚ್ಚಲಿನಿಂದ ಗಂಡ ಏನೋ ಹೇಳಿದ. ಅವಳು ರೂಢಿಯಂತೆ "ಹ್ಞೂಂ" ಅಂದು ತಲೆ ಬಾಚುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಅವನು ಮೈಯಿಂದ ನೀರು ತೊಟ್ಟಿಕ್ಕಿಸುತ್ತ ಬಾಗಿಲಿಗೆ ಬಂದು ನಿಂತು, "ಹ್ಞೂಂ ಅಂದ್ಯಲ್ಲ, ಎಲ್ಲಿ?" ಅಂದ. ಏನು ಎಲ್ಲಿ? ಟವೆಲ್ಲು. ಮೂರು ಸಲ ಕೇಳಿದ್ದನಂತೆ. "ನಿಮ್ಮದೂ ಒಂದು ಮಾತೇನ್ರೀ, ಅರ್ಧ ಬಾಯಲ್ಲಿ, ಅರ್ಧ ಹೊಟ್ಟೇಲಿ" ಎಂದು ಅವಳು ಟವೆಲ್ಲನ್ನು ಅವನ ಹೆಗಲ ಮೇಲೆ ಎಸೆದಳು. ಅವನು ನಕ್ಕು ಒಳಗೆ ಹೋದ. ಮೂವತ್ತು ವರ್ಷ ಶಾಲೆಯ ವ್ಯಾನು ಓಡಿಸಿ, ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ಗಂಟಲು ದೊಡ್ಡದು ಮಾಡಿಕೊಂಡ ಮನುಷ್ಯ ಅವನು. ಅವನ ಮಾತು ಹೊಟ್ಟೆಯೊಳಗೆ ಉಳಿಯುವುದು ಹೇಗೆ ಎಂಬುದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಅವಳಿಗೆ ಹೊಳೆಯಿತು. ಹೊಳೆದದ್ದನ್ನು ಅಷ್ಟೇ ಬೇಗ ಪಕ್ಕಕ್ಕೆ ಸರಿಸಿದಳು. ಬೆಳಿಗ್ಗೆ ಬೆಳಿಗ್ಗೆ ಗಂಡನದೇ ಸರಿ ಎಂದು ಒಪ್ಪಿಕೊಂಡರೆ ಇಡೀ ದಿನ ಹಾಳು.

ಮನಸ್ಸು ನಿನ್ನೆಯಿಂದ ಉಬ್ಬಿಕೊಂಡಿತ್ತು, ಸುಳ್ಳು ಯಾಕೆ. ಕಪ್ಪು-ಬಸಿ ಕಾರ್ಖಾನೆಯ ಮ್ಯಾನೇಜರು ಅವಳನ್ನು ಕೋಣೆಗೆ ಕರೆಸಿ, ಎದುರಿಗೆ ಕೂರಿಸಿ, ಬರುವ ತಿಂಗಳು ಎರಡನೇ ಭಟ್ಟಿ ಶುರುವಾಗುತ್ತದೆ, ನಲವತ್ತು ಜನ ಹೊಸ ಹೆಂಗಸರು ಬರುತ್ತಾರೆ, ಅವರಿಗೆಲ್ಲ ಕಪ್ಪು ತಟ್ಟಿ ನೋಡುವುದನ್ನು ಕಲಿಸಲು ಮುಖ್ಯಸ್ಥೆ ಒಬ್ಬಳು ಬೇಕು ಎಂದಿದ್ದರು. "ನೀವೇ, ಇನ್ಯಾರು? ನಾಳೆ ಸಂಜೆ ಹೆಸರು ಕಳಿಸ್ಬೇಕು, ಅಷ್ಟರಲ್ಲಿ ಹ್ಞೂಂ ಅಂದ್ಬಿಡಿ ಅಕ್ಕಾವ್ರೇ." ಆಗಲೇ ಅನ್ನಬಹುದಿತ್ತು. ಆದರೆ ಕೇಳಿದ ಕೂಡಲೇ ಒಪ್ಪಿದವರ ಒಪ್ಪಿಗೆಗೆ ಬೆಲೆಯಿಲ್ಲವೆಂದು ಇಪ್ಪತ್ತೆರಡು ವರ್ಷದಲ್ಲಿ ಕಲಿತಿದ್ದಳು. "ಯೋಚನೆ ಮಾಡ್ತೀನಿ ಸಾರ್" ಎಂದು ಗತ್ತಿನಲ್ಲೇ ಎದ್ದು ಬಂದಿದ್ದಳು. ಇಷ್ಟು ವರ್ಷ ಅವಳಿಗೆ ಹುದ್ದೆ ಅಂತ ಒಂದಿರಲಿಲ್ಲ, ತಟ್ಟುವ ಮೇಜಿನ ಮೊದಲನೇ ಕುರ್ಚಿ ಒಂದು ಬಿಟ್ಟು. ಆದರೂ ಗೇಟಿನವನು ಅವಳನ್ನು ಕಂಡರೆ ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದ. ಅವಳು ಬಂದು ಕೂತರೆ ಮೇಜಿನ ಮಾತು ನಿಲ್ಲುತ್ತಿತ್ತು. ಅವಳು ಹುಬ್ಬೇರಿಸಿದರೆ ಭಟ್ಟಿಯವರು ಬೆಂಕಿ ನೋಡಲು ಓಡುತ್ತಿದ್ದರು. ಹೋದ ಬೇಸಿಗೆಯಲ್ಲಿ "ಈಚೆಗೆ ಮಣ್ಣು ಸರಿ ಇಲ್ಲ ಸಾರ್, ದನಿ ಮಂಕಾಗಿದೆ" ಎಂದು ಒಂದು ಮಾತು ಅಂದಿದ್ದಕ್ಕೆ, ಹದಿನಾರು ವರ್ಷದಿಂದ ಮಣ್ಣು ತಂದುಹಾಕುತ್ತಿದ್ದವನನ್ನು ಬಿಡಿಸಿ ಬೇರೆಯವನನ್ನು ಹಿಡಿದಿದ್ದರು. ಹಳೆಯ ಮಣ್ಣಿನವನು ಗೇಟಿನ ಬಳಿ ನಿಂತು ಅವಳಿಗೆ ಕೈಮುಗಿದು, "ನನ್ ಮಣ್ಣು ಏನ್ ತಪ್ಪು ಮಾಡ್ತಕ್ಕ?" ಎಂದು ಕೇಳಿದಾಗ ಅವಳು ಗಂಭೀರವಾಗಿ ತಲೆಯಾಡಿಸಿದ್ದಳು. ಆ ತಲೆಯಾಡಿಸುವಿಕೆ ನೆನಪಾದಾಗಲೆಲ್ಲ ಅವಳಿಗೆ ಒಳಗೊಳಗೇ ಒಂದು ಖುಷಿ. ಒಂದು ತಲೆ ಇಷ್ಟೆಲ್ಲ ಮಾಡಬಲ್ಲದೇ ಎನ್ನುವ ಖುಷಿ.

ಕೆಲಸ ನೋಡಲು ಏನೂ ಅಲ್ಲ. ಭಟ್ಟಿಯಿಂದ ಇಳಿದ ಪ್ರತಿ ಕಪ್ಪನ್ನೂ ಹಿಡಿಯಲ್ಲಿ ಬೆರಳು ತೂರಿಸಿ ತೂಗಬಿಟ್ಟು, ಸಣ್ಣ ಮರದ ಕಡ್ಡಿಯಿಂದ ಅಂಚಿಗೆ ಒಂದು ತಟ್ಟು. ಟಿಣ್ ಅಂದರೆ ಗಟ್ಟಿ. ಟಕ್ ಅಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು. ಇವತ್ತಲ್ಲ ನಾಳೆ ಯಾರೋ ಅದಕ್ಕೆ ಕುದಿಯುವ ಟೀ ಸುರಿದಾಗ ಬಾಯಿಬಿಟ್ಟು ಅವರ ತೊಡೆಯ ಮೇಲೆ ಬೀಳುವಂಥದ್ದು. ಗಟ್ಟಿಯಿದ್ದರೆ ಹೊಳಪು ಹಿಡಿಯದ ತಳದ ಒರಟು ಅಂಚಿನಲ್ಲಿ ಪೆನ್ಸಿಲಿನಿಂದ ತಟ್ಟಿದವರ ಗುರುತು. ಒಬ್ಬೊಬ್ಬರದು ಒಂದೊಂದು. ಅವಳದು ಒಂದೇ ಗೀಟಿನಲ್ಲಿ ಬರೆದ ಎಲೆ. ಬಿರುಕಿದ್ದದ್ದು ಎಡಗಡೆಯ ಪೆಟ್ಟಿಗೆಗೆ. ಅದಕ್ಕೆ ಹುಡುಗಿಯರು ಇಟ್ಟ ಹೆಸರು ಬೀಗರ ಮನೆ, ಏಕೆಂದರೆ ಅಲ್ಲಿಗೆ ಹೋದದ್ದು ಮೊದಲಿನ ಹಾಗೆ ತಿರುಗಿ ಬರುವುದಿಲ್ಲವಂತೆ. ಮೇಜಿನಲ್ಲಿ ಏಳು ಜನ. ಬೆನ್ನ ಹಿಂದೆ ಅವರೆಲ್ಲ ಅವಳನ್ನು ಕಡ್ಡಿಯಕ್ಕ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು, ಎದುರಿಗೆ ಬರೀ ಅಕ್ಕ. ಎರಡನೇ ಕುರ್ಚಿ ಕನ್ನಡಕದವಳದು, ಹದಿನಾಲ್ಕು ವರ್ಷದಿಂದ ಪಕ್ಕದಲ್ಲೇ ಕೂತವಳು. ಆ ಮೇಜಿಗೆ ಒಂದು ಕಟ್ಟಳೆ ಇತ್ತು, ಕಡ್ಡಿಯಕ್ಕನೇ ಹಾಕಿದ್ದು: ಒಬ್ಬರು ಗುರುತು ಹಾಕಿದ ಕಪ್ಪನ್ನು ಇನ್ನೊಬ್ಬರು ತಟ್ಟಬಾರದು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಹೊಸಬರಿಗೆ ತೋರಿಸಲು ಬಿರುಕಿನ ಕಪ್ಪು ನಾಲ್ಕೈದು ಬೇಕು ಎಂದು ಮ್ಯಾನೇಜರು ಹೇಳಿಕಳಿಸಿದ್ದರು. ಬೇರೆ ದಿನವಾಗಿದ್ದರೆ ಯಾರಿಗಾದರೂ ಕಣ್ಸನ್ನೆ ಮಾಡುತ್ತಿದ್ದಳು. ಇವತ್ತು ಉತ್ಸಾಹದಲ್ಲಿ ತಾನೇ ಎದ್ದು ಬೀಗರ ಮನೆಯ ಮುಂದೆ ಮೊಣಕಾಲೂರಿ ಕೂತಳು. ಹಿಂದಿನಿಂದ ಕನ್ನಡಕದವಳು "ಅಕ್ಕ, ನಾನ್ ಕೊಡ್ತೀನಿ ಬಿಡಿ, ನಾನ್ ಕೊಡ್ತೀನಿ" ಎಂದು ಯಾಕಷ್ಟು ಗಾಬರಿಯಿಂದ ಎದ್ದಳೋ. "ಕೂತ್ಕೊಳೇ, ನಂಗೇನ್ ಕೈ ಇಲ್ವಾ" ಎಂದು ಕಡ್ಡಿಯಕ್ಕ ಮೊದಲ ಕಪ್ಪನ್ನು ಎತ್ತಿ ತಿರುಗಿಸಿದಳು. ತಳದಲ್ಲಿ ಒಂದು ಕರಿ ಮಸಿ. ಯಾರೋ ಎಂಜಲು ಬೆರಳಿನಿಂದ ಉಜ್ಜಿ ಅಳಿಸಿದ್ದರು. ಉಜ್ಜಿದರೂ ತೊಟ್ಟು ಉಳಿದಿತ್ತು, ಎಲೆಯ ತೊಟ್ಟು. ಇನ್ನೊಂದನ್ನು ಎತ್ತಿದಳು. ಅದರಲ್ಲಿ ತೊಟ್ಟೂ ಇತ್ತು, ಎಲೆಯ ಅರ್ಧ ಹೊಟ್ಟೆಯೂ ಇತ್ತು. ಮೂರನೆಯದರಲ್ಲಿ ಏನೂ ಇರಲಿಲ್ಲ, ಜೀವ ಬಂದಂತಾಯಿತು. ನಾಲ್ಕನೆಯದರಲ್ಲಿ ಎಲೆ ಇಡೀ ಇತ್ತು, ಅಳಿಸುವುದಕ್ಕೂ ಪುರುಸೊತ್ತಾಗಿರಲಿಲ್ಲ. ತಾನು ಗಟ್ಟಿಯೆಂದು ಗುರುತು ಹಾಕಿದ ಕಪ್ಪು ಇಲ್ಲಿ ಹೇಗೆ? ಅದನ್ನು ಬೆರಳಿಗೆ ತೂಗಬಿಟ್ಟು ತಟ್ಟಿದಳು. ಗಟ್ಟಿಯಾಗಿಯೇ ಕೇಳಿಸಿತು. ಮೇಜಿನ ಮೇಲಿಂದ ಒಳ್ಳೆಯದೊಂದನ್ನು ತೆಗೆದು ತಟ್ಟಿದಳು. ಅದೂ ಹಾಗೇ. ಪೆನ್ಸಿಲಿನ ಪುಡಿಯನ್ನು ಒದ್ದೆ ಬೆರಳಿಗೆ ಹಚ್ಚಿಕೊಂಡು ನಾಲ್ಕನೆಯ ಕಪ್ಪಿನ ಅಂಚಿಗೆ ಉಜ್ಜಿ ಒರೆಸಿದಾಗ, ಬಾಯಿಂದ ತಳದವರೆಗೆ ಒಂದು ಕರಿ ಎಳೆ ನಿಧಾನವಾಗಿ ಕಾಣಿಸಿಕೊಂಡಿತು. ಅವಳ ಎಡಕ್ಕೂ ಬಲಕ್ಕೂ ಕಡ್ಡಿಗಳು ತಟ್ಟುತ್ತಲೇ ಇದ್ದವು, ಯಾರೂ ಈ ಕಡೆ ನೋಡುತ್ತಿರಲಿಲ್ಲ. ನೋಡದೇ ಇರಲು ಅವರೆಲ್ಲ ಎಷ್ಟು ಕಷ್ಟಪಡುತ್ತಿದ್ದಾರೆಂದು ಅವರ ಕತ್ತಿನಲ್ಲೇ ಗೊತ್ತಾಗುತ್ತಿತ್ತು.

ಹನ್ನೊಂದು. ಒಂದು ಪೆಟ್ಟಿಗೆಯಲ್ಲಿ ಹನ್ನೊಂದು ಎಲೆ. ದೊಡ್ಡಕ್ಕನದು ಹದಿನೇಳಾಗಿತ್ತು. ಆ ಸಂಖ್ಯೆ ಅವಳಿಗೆ ತನ್ನ ಮದುವೆಯ ತಾರೀಕಿಗಿಂತ ಚೆನ್ನಾಗಿ ನೆನಪಿತ್ತು. ದೊಡ್ಡಕ್ಕ ಅಂದರೆ ಈ ಮೊದಲನೇ ಕುರ್ಚಿಯಲ್ಲಿ ಅವಳಿಗಿಂತ ಮುಂಚೆ ಕೂತಿದ್ದ ಹೆಂಗಸು, ಕಡ್ಡಿ ಹಿಡಿಯುವುದನ್ನು ಕಲಿಸಿದವಳು, ತಲೆಗೆ ಮೊಟಕುತ್ತಿದ್ದವಳು, ಮೊಟಕಿದ ಮೇಲೆ ಡಬ್ಬಿಯಿಂದ ಅರ್ಧ ಊಟ ತೆಗೆದು ಕೊಡುತ್ತಿದ್ದವಳು. ಆಗ ಇವಳಿಗೆ ಕಿವಿ ಎಷ್ಟು ಚುರುಕಿತ್ತೆಂದರೆ ಪಕ್ಕದವರು ತಟ್ಟಿದ್ದೂ ಕೇಳಿಸುತ್ತಿತ್ತು, ದೊಡ್ಡಕ್ಕ ಟಕ್ ಅಂದ ಕಪ್ಪಿಗೆ ಗುರುತು ಹಾಕುವುದೂ ಕಾಣಿಸುತ್ತಿತ್ತು. ಒಂದು ವಾರ ದೊಡ್ಡಕ್ಕ ಊಟಕ್ಕೆ ಎದ್ದಾಗಲೆಲ್ಲ ಅವಳ ಕಪ್ಪುಗಳನ್ನು ಗುಟ್ಟಾಗಿ ತಟ್ಟಿ, ಹದಿನೇಳು ಬಿರುಕಿನವನ್ನು ಬೇರೆ ಇಟ್ಟು, ಆಗಿನ ಸೂಪರ್‌ವೈಸರ ಮುಂದೆ ತಂದು ಸುರಿದಿದ್ದಳು. ತಪ್ಪೇನಿತ್ತು ಅದರಲ್ಲಿ? ಯಾರದೋ ತೊಡೆ ಸುಡುವುದು ತಪ್ಪಿತು. ದೊಡ್ಡಕ್ಕನೇ ಕಲಿಸಿದ ಪಾಠ ಅದು. ಆದರೆ ಸೂಪರ್‌ವೈಸರ ಕೋಣೆಗೆ ಹೋಗುವಾಗ ಅವಳ ಕಾಲು ಓಡುತ್ತಿತ್ತು. ಯಾರದೋ ತೊಡೆಯ ಸಲುವಾಗಿ ಕಾಲು ಹಾಗೆ ಓಡುವುದಿಲ್ಲ. ಮರುದಿನ ದೊಡ್ಡಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ಹೋಗುವ ಮುಂಚೆ ಅವಳು ಮೇಜಿನ ಬಳಿ ಬಂದು ತನ್ನ ಕಡ್ಡಿಯನ್ನು ಇವಳ ಕೈಗಿಟ್ಟು, "ಹಿಡಿ. ಕೈ ಹಗುರ ಇರ್ಲಿ" ಅಂದಳು, ಅಷ್ಟೇ. ಗೊತ್ತಿತ್ತೋ ಇಲ್ಲವೋ. ಆಮೇಲೆ ನಾಲ್ಕು ವರ್ಷ ಕಪ್ಪುಗಳಿಗೆ ಕಾಗದ ಸುತ್ತುತ್ತ, ಇವಳನ್ನು ಕಂಡಾಗಲೆಲ್ಲ "ಊಟ ಆಯ್ತಾ ಮಗಳೇ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಇವಳು ಒಂದು ದಿನವೂ ಅವಳ ಮುಖ ನೋಡಿ ಉತ್ತರ ಹೇಳಲಿಲ್ಲ. ಕುರ್ಚಿಗೆ ಬಂದ ಮೊದಲ ವಾರವೇ ಹಾಕಿದ ಕಟ್ಟಳೆ ಅದು, ಇನ್ನೊಬ್ಬರ ಕಪ್ಪು ತಟ್ಟಬಾರದು. ನಾಚಿಕೆಯಿಂದ ಹಾಕಿದ್ದೋ, ತನಗೂ ಯಾರಾದರೂ ಹಾಗೇ ಮಾಡಿಯಾರೆಂಬ ಭಯದಿಂದ ಹಾಕಿದ್ದೋ, ಇವತ್ತಿಗೂ ಬಗೆಹರಿದಿರಲಿಲ್ಲ.

ಊಟದ ಗಂಟೆಯಾದಾಗ ಕೈತೊಳೆಯುವ ನಲ್ಲಿಯ ಹತ್ತಿರ ಕನ್ನಡಕದವಳನ್ನು ಅಡ್ಡಹಾಕಿದಳು.

"ಎಷ್ಟು ದಿನದಿಂದ?"

"ಏನಕ್ಕ?"

"ನನ್ನತ್ರ ಏನಕ್ಕ ಗೀನಕ್ಕ ಬೇಡ. ಎಷ್ಟು ದಿನದಿಂದ ನನ್ನ ಕಪ್ ತಟ್ತಿದೀಯಾ?"

ಕನ್ನಡಕದವಳು ಕನ್ನಡಕ ತೆಗೆದು ನೀಲಿ ಕೋಟಿನ ತುದಿಯಲ್ಲಿ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. "ಹೋದ ಬೇಸಿಗೆಯಿಂದ. ನಾನೊಬ್ಳೇ ಅಲ್ಲ. ಎಲ್ಲರೂ ಸರದಿ ಹಾಕ್ಕೊಂಡಿದೀವಿ. ಸೋಮವಾರ, ಗುರುವಾರ ನಂದು. ನೀವು ನೀರು ಕುಡಿಯೋಕೆ ಎದ್ದಾಗ ಅರ್ಧ, ಮ್ಯಾನೇಜರ್ ಹತ್ರ ಹೋದಾಗ ಅರ್ಧ."

"ಸರದಿ ಬೇರೆ!" ಕಡ್ಡಿಯಕ್ಕನಿಗೆ ಸಿಟ್ಟು ಬರಬೇಕಿತ್ತು. ಆದರೆ ಆರು ಜನ ಹೆಂಗಸರು ಕೂತು ತನ್ನ ಕಿವುಡಿಗೆ ವಾರದ ಪಟ್ಟಿ ಹಾಕಿದ್ದನ್ನು ನೆನೆದು ಬಾಯಿ ತುದಿಗೆ ನಗು ಬಂತು. ನುಂಗಿಕೊಂಡಳು. "ಹೇಳೋದಲ್ವೇನೇ ನಂಗೆ?"

"ಹೆದರಿಕೆ ಅಕ್ಕ."

ಕಡ್ಡಿಯಕ್ಕ ಬೇರೇನನ್ನೋ ನಿರೀಕ್ಷಿಸಿದ್ದಳು. ನಿಮ್ಮ ಮೇಲಿನ ಪ್ರೀತಿ ಅಕ್ಕ, ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ ಅಕ್ಕ, ಹೀಗೇನೋ. ಮುಖಕ್ಕೆ ಹೊಡೆದಂತಾಯಿತು. ಕನ್ನಡಕದವಳು ಕನ್ನಡಕ ಹಾಕಿಕೊಂಡಿರಲಿಲ್ಲ, ಅದಕ್ಕೇ ಇರಬೇಕು ಧೈರ್ಯ ಬಂದಿತ್ತು. "ಇದು ತಪ್ಪು ಅಂತ ನಿಮ್ಮೆದುರಿಗೆ ಹೇಳೋಕೆ ಯಾರಿಗಿದೆ ಎದೆ? ಮ್ಯಾನೇಜರಿಗೇ ಇಲ್ಲ. ಮಣ್ಣು ಸರಿ ಇಲ್ಲ ಅಂದ್ರಿ. ಮಣ್ಣು ಸರೀಗೇ ಇತ್ತು. ನಾವು ಏಳು ಜನದಲ್ಲಿ ಆರು ಜನಕ್ಕೆ ದನಿ ಸರಿಯಾಗೇ ಕೇಳಿಸ್ತಿತ್ತು. ಆದ್ರೂ ಹೌದಕ್ಕ, ಮಂಕು ಅಂತ ತಲೆ ಅಲ್ಲಾಡಿಸಿದ್ವಿ."

"ಹಾಗಾದ್ರೆ ಬರೀ ಹೆದರಿಕೆ."

"ಮೊದ್ಲು ಬರೀ ಹೆದರಿಕೆ. ಆಮೇಲೆ ಏನೋ. ನಂಗೆ ಮಗು ಆದ ವರ್ಷ ನೆನಪಿದ್ಯಾ? ನಿದ್ದೆ ಇಲ್ದೆ ಮೇಜಿನ ಮೇಲೇ ತೂಕಡಿಸ್ತಿದ್ದೆ. ಎಚ್ಚರ ಆಗಿ ನೋಡಿದ್ರೆ ನನ್ನ ಪಾಲಿನ ಕಪ್ಪೆಲ್ಲ ತಟ್ಟಿ, ನನ್ನ ಗುರುತೇ ಹಾಕಿ ಇಟ್ಟಿರ್ತಿದ್ರಿ. ಒಂದು ದಿನ ಅಲ್ಲ, ಎರಡು ತಿಂಗಳು. ಒಂದ್ ಮಾತು ಆಡ್ಲಿಲ್ಲ. ಬೈಯ್ಲೂ ಇಲ್ಲ."

ಕಡ್ಡಿಯಕ್ಕನಿಗೆ ಅದು ನೆನಪೇ ಇರಲಿಲ್ಲ. ಕೈಯ ಮೇಲೆ ನಲ್ಲಿಯ ನೀರು ಸುಮ್ಮನೆ ಹರಿಯಲು ಬಿಟ್ಟು ನೆನಪು ಮಾಡಿಕೊಳ್ಳಲು ನೋಡಿದಳು. ಮಾಡಿರಬಹುದು. ಮಾಡಿದ್ದರೂ ಅದು ಕರುಣೆಯೋ, ತನ್ನ ಮೇಜಿನ ಕೆಲಸ ಹಿಂದೆ ಬೀಳಬಾರದೆಂಬ ಹಟವೋ, ದೇವರೇ ಬಲ್ಲ. ಎಂಥ ವಿಚಿತ್ರ, ತಾನು ಇಷ್ಟು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗುವ ಹದಿನೇಳು ಕಪ್ಪು ಇಲ್ಲಿ ಯಾರಿಗೂ ಗೊತ್ತಿಲ್ಲ, ಇವರೆಲ್ಲ ಇಟ್ಟುಕೊಂಡದ್ದು ತನಗೆ ಗೊತ್ತಿಲ್ಲ. ತನ್ನ ಕೈಯಲ್ಲಿ ಅಧಿಕಾರ ಇದೆ ಎಂದುಕೊಂಡಿದ್ದಳು, ಗೇಟಿನವನ ಸಿಗರೇಟು, ಭಟ್ಟಿಯವರ ಓಟ, ಮಣ್ಣಿನವನ ಕೈಮುಗಿತ. ಅದೆಲ್ಲ ಇದ್ದದ್ದೂ ನಿಜವೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಏನೋ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ತನ್ನನ್ನು ಒಂದು ಮಾತೂ ಕೇಳದೆ. ಅವಳಿಗೆ ಅಳು ಬರುವಂತಾಯಿತು, ಆದರೆ ಅದು ದುಃಖದ ಅಳು ಅಲ್ಲವೆಂಬುದು ಅವಳಿಗೇ ಸೋಜಿಗ. ನಲ್ಲಿ ನಿಲ್ಲಿಸಿ, "ಊಟ ಮಾಡು ಹೋಗು" ಅಂದಳು. ತಾನೂ ಡಬ್ಬಿ ಬಿಚ್ಚಿ, ಹಸಿವಾದವಳ ಹಾಗೆ ಪೂರ್ತಿ ಉಂಡಳು. ಉಣ್ಣುತ್ತ ಯೋಚಿಸಿದಳು. ಸುಮ್ಮನಿದ್ದುಬಿಡಬಹುದು. ಹುಡುಗಿಯರು ಬಾಯಿಬಿಡುವುದಿಲ್ಲ. ಆದರೆ ಆ ನಲವತ್ತು ಜನಕ್ಕೆ ಯಾವ ಕಿವಿಯಿಂದ ಕಲಿಸುವುದು? ಅವರೂ ಸರದಿ ಹಾಕಿಕೊಳ್ಳುತ್ತಾರೆಯೇ?

ಮ್ಯಾನೇಜರು ಮಾರಾಟದ ಕಡೆಯಿಂದ ಬಂದವರು, ಇನ್ನೂ ನಲವತ್ತು ತುಂಬದವರು, ಭಟ್ಟಿಯ ಬಿಸಿಯನ್ನು ದೂರದಿಂದಲೇ ಗೌರವಿಸುವವರು. ಕಡ್ಡಿಯಕ್ಕ ಎರಡು ಕಪ್ಪುಗಳನ್ನು ಕೋಟಿನ ಜೇಬಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟು, "ನಂಗೆ ಕಿವಿ ಹೋಗಿದೆ ಸಾರ್" ಅಂದಳು. ಅವರು ನಕ್ಕರು. "ನಿಮ್ ಕಿವಿ ಹೋದ್ರೆ ಕಾರ್ಖಾನೆ ಬಾಗಿಲು ಹಾಕ್ಬೇಕಷ್ಟೆ" ಅಂದರು. "ತಮಾಷೆ ಅಲ್ಲ. ನೀವೇ ತಟ್ಟಿ, ನಾನು ಹೇಳ್ತೀನಿ." ಅವರಿಗೆ ಇದು ಏನೋ ಪರೀಕ್ಷೆ ಅನ್ನಿಸಿರಬೇಕು, ನೆಟ್ಟಗೆ ಕೂತು ಕಡ್ಡಿ ಹಿಡಿದು ಒಂದನ್ನು ತಟ್ಟಿದರು. ಎರಡರಲ್ಲಿ ಒಂದು ಬೆಳಿಗ್ಗೆ ಎಳೆ ಕಾಣಿಸಿಕೊಂಡ ಕಪ್ಪು. ಎಳೆ ಕಾಣದಂತೆ ತೊಳೆದು ತಂದಿದ್ದಳು, ಯಾವುದು ಯಾವುದೆಂದು ತನಗೂ ತಿಳಿಯದ ಹಾಗೆ ಜೇಬಿನಲ್ಲಿ ಕಲೆಸಿದ್ದಳು. ಅವಳಿಗೆ ಕೇಳಿಸಿದ್ದನ್ನೇ ಹೇಳಿದಳು: "ಗಟ್ಟಿ." ಮ್ಯಾನೇಜರು ತೃಪ್ತಿಯಿಂದ ತಲೆಯಾಡಿಸಿ ಅದನ್ನು ಒಳ್ಳೆಯದರ ಕಡೆ ಇಟ್ಟರು. ಇನ್ನೊಂದನ್ನು ತಟ್ಟಿದರು. "ಇದೂ ಗಟ್ಟಿ" ಅಂದಳು. ಅದನ್ನೂ ಅಲ್ಲೇ ಇಟ್ಟು, "ನೋಡಿ, ಎಷ್ಟು ಸರಿಯಾಗಿ ಹೇಳ್ತೀರಿ!" ಅಂದರು.

ಅವಳಿಗೆ ತಡೆಯಲಾಗದೆ ನಗು ಉಕ್ಕಿತು. "ಸಾರ್, ಅದರಲ್ಲಿ ಒಂದು ಬಿರುಕು." "ಯಾವುದು?" "ಅದೇ ನಂಗೆ ಗೊತ್ತಾಗ್ತಿಲ್ಲ ಅಂತ ಹೇಳೋಕೆ ಬಂದಿದ್ದು!" ಮ್ಯಾನೇಜರು ಎರಡೂ ಕಪ್ಪುಗಳನ್ನು ಅನುಮಾನದಿಂದ ನೋಡಿದರು, ಆಮೇಲೆ ಅವಳ ಮುಖ ನೋಡಿದರು, ಉತ್ತರ ಅಲ್ಲೇ ಬರೆದಿರುವ ಹಾಗೆ. ಎಷ್ಟು ವರ್ಷದಿಂದ ಎಷ್ಟು ಜನ ಹೀಗೆ ಕಪ್ಪು ಬಿಟ್ಟು ತನ್ನ ಮುಖ ನೋಡುತ್ತಿದ್ದಾರೋ ಎಂದು ಅವಳಿಗೆ ಅಯ್ಯೋ ಅನ್ನಿಸಿತು. ಬಾಗಿಲು ತೆರೆದು ಕನ್ನಡಕದವಳನ್ನು ಕರೆದಳು. ಕನ್ನಡಕದವಳು ಬಂದು ನಿಂತು, ವಿಷಯ ಕೇಳಿ, ಕಪ್ಪನ್ನು ಮುಟ್ಟುವ ಮೊದಲೇ, "ಅಕ್ಕ ಗಟ್ಟಿ ಅಂದ್ಮೇಲೆ ಗಟ್ಟಿನೇ ಇರುತ್ತೆ ಸಾರ್" ಅಂದಳು.

"ಮುಚ್ಚೇ ಬಾಯಿ," ಅಂದಳು ಕಡ್ಡಿಯಕ್ಕ. ತನ್ನ ಕಡ್ಡಿಯನ್ನು, ದೊಡ್ಡಕ್ಕನ ಬೆರಳು ಸವೆಸಿ ಆಮೇಲೆ ತನ್ನ ಬೆರಳು ಸವೆಸಿದ ಆ ಕಡ್ಡಿಯನ್ನು, ಅವಳ ಕೈಗಿಟ್ಟಳು. ದೊಡ್ಡಕ್ಕನ ಮಾತು ತಾನಾಗಿ ನಾಲಿಗೆಗೆ ಬಂತು. "ಹಿಡಿ. ಕೈ ಹಗುರ ಇರ್ಲಿ. ನನ್ನ ಮುಖ ನೋಡ್ಬೇಡ, ಕಪ್ ನೋಡು." ಹೇಳಿದ ಮೇಲೆ ಹೊಳೆಯಿತು, ಈ ಮಾತನ್ನು ಸಿಟ್ಟಿಟ್ಟುಕೊಂಡು ಹೇಳಲು ಆಗುವುದಿಲ್ಲ. ಗೊತ್ತಿದ್ದೂ ಹೇಳಬಹುದು, ಗೊತ್ತಿಲ್ಲದೆಯೂ ಹೇಳಬಹುದು, ಆದರೆ ಸಿಟ್ಟಿನಲ್ಲಿ ಆಗುವುದಿಲ್ಲ. ಊಟ ಆಯ್ತಾ ಮಗಳೇ ಅಂದರೆ ಊಟ ಆಯಿತಾ ಎಂದೇ ಅರ್ಥವಿತ್ತೇನೋ. ಇಷ್ಟು ವರ್ಷ ಹೊತ್ತಿದ್ದ ಭಾರ ಪೂರ್ತಿ ಇಳಿಯಲಿಲ್ಲ, ಅಷ್ಟು ಸುಲಭಕ್ಕೆ ಇಳಿಯಲೂಬಾರದು, ಒಂದು ಕಡೆಯ ಹೆಗಲಿನಿಂದ ಇನ್ನೊಂದಕ್ಕೆ ಸರಿಯಿತು.

ಕನ್ನಡಕದವಳು ತಟ್ಟಿದಳು. ಇನ್ನೊಂದನ್ನು ತಟ್ಟಿದಳು. ಮೊದಲನೆಯದನ್ನು ಮತ್ತೆ ತಟ್ಟಿದಳು. "ಇದು ಬಿರುಕು" ಅಂದಳು, ತೀರ ಮೆಲ್ಲಗೆ.

"ಕೇಳಿಸ್ಲಿಲ್ಲ."

"ಇದು ಬಿರುಕು ಅಕ್ಕ! ನೀವು ಹೇಳಿದ್ದು ತಪ್ಪು!"

ಮ್ಯಾನೇಜರು ಎಲ್ಲಿ ಏನಾಗುತ್ತದೋ ಎಂದು ಕುರ್ಚಿಯ ಕೈ ಹಿಡಿದುಕೊಂಡರು. "ಕೇಳಿಸ್ತಲ್ಲ ಸಾರ್? ಇವಳ ಹೆಸರು ಕಳಿಸಿ," ಅಂದಳು ಕಡ್ಡಿಯಕ್ಕ. "ಮತ್ತೆ ಆ ಹಳೇ ಮಣ್ಣಿನವನನ್ನ ವಾಪಸ್ ಕರೆಸಿ. ಕೆಟ್ಟಿದ್ದು ಅವನ ಮಣ್ಣಲ್ಲ. ಅವನಿಗೆ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ." ಮ್ಯಾನೇಜರು ಬರೆದುಕೊಂಡರು. ಈಗಲೂ ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಇರಲಿ, ಇದೊಂದು ಸಲ.

ಊಟದ ಹೊತ್ತು ಮುಗಿದ ಗಂಟೆ ಹೊಡೆದಾಗ ಅವಳು ಕನ್ನಡಕದವಳನ್ನು ಭುಜ ಹಿಡಿದು ಮೊದಲನೇ ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದ ಕುರ್ಚಿ ಎಳೆದುಕೊಂಡಳು. ನಾಳೆಯಿಂದ ತನಗೆ, ಕಪ್ಪಿನ ಹಿಡಿ ಸೊಟ್ಟಗಿದೆಯೇ, ಹೊಳಪು ಸರಿಯಾಗಿ ಹಿಡಿದಿದೆಯೇ ಎಂದು ನೋಡುವ ಕೆಲಸ. ಕಣ್ಣು ಇನ್ನೂ ಗಟ್ಟಿಯಾಗಿತ್ತು. ಸಂಜೆ ಗಂಡನಿಗೆ ಹೇಳಬೇಕು. ಅವನು ಗೆದ್ದ ಮುಖ ಮಾಡುತ್ತಾನೆ, ಮಾಡಿಕೊಳ್ಳಲಿ ಪಾಪ. ಅವಳು ತಟ್ಟೆಯಿಂದ ಒಂದು ಕಪ್ಪು ತೆಗೆದು, ಬೇಕೆಂದೇ, ಹುಡುಗಿಯೊಬ್ಬಳಿಂದ ಕಡ್ಡಿ ಇಸಿದುಕೊಂಡು ತಟ್ಟಿ, ತಳದಲ್ಲಿ ಚಂದವಾಗಿ ಒಂದು ಎಲೆ ಬರೆದು ಕನ್ನಡಕದವಳ ಮುಂದೆ ಇಟ್ಟಳು. "ತಟ್ಟು," ಅಂದಳು. "ಎಲ್ಲರ ಎದುರಿಗೆ ತಟ್ಟು." ಆರು ಜೊತೆ ಕಣ್ಣು ಆ ಕಪ್ಪಿನ ಮೇಲೆ ನೆಟ್ಟವು. ಕನ್ನಡಕದವಳು ತಟ್ಟಿದಳು. ಆಮೇಲೆ ಹೆಬ್ಬೆರಳಿನಿಂದ ಎಲೆಯನ್ನು ಅಳಿಸದೆ, ಎಲೆ ಸಮೇತ, ಕಪ್ಪನ್ನು ಎಡಗಡೆಯ ಪೆಟ್ಟಿಗೆಗೆ ಹಾಕಿದಳು.

"ಎಲ್ಲಿಗೇ ಅದು?" ಅಂದಳು ಕಡ್ಡಿಯಕ್ಕ, ಕಿವಿಗೆ ಅಂಗೈ ಮರೆಮಾಡಿ ಮುಂದೆ ಬಾಗಿ.

"ಬೀಗರ ಮನೆಗಕ್ಕ!" ಎಂದು ಇಡೀ ಮೇಜು ಒಂದೇ ದನಿಯಲ್ಲಿ ಕೂಗಿತು, ಮತ್ತು ಅದು ಅವಳಿಗೆ ಚೆನ್ನಾಗಿ ಕೇಳಿಸಿತು.